ಆಯಿಯ ಶ್ರುತಿ, ಕಾಕಾನ ವೈಬ್ರಾಫೋನು

ಮೊನ್ನೆ ಬಾಗಲಕೋಟೆಯಲ್ಲಿ ರವಿಕೆ ಹೊಲಿಯಲು ಕೊಡಲೆಂದು ಒಂದು ಅಂಗಡಿಗೆ ಹೋಗಿದ್ದೆ. ದರ್ಜಿ ತನ್ನ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಆ ತೆಳ್ಳನೆಯ ವಾಸನೆ ಮೂಗಿಗೆ ತಾಗಿದ್ದೇ ತಡ, ಅಳತೆ ಹೇಳುವುದನ್ನೂ ಮರೆತು ನಿಂತುಬಿಟ್ಟೆ. ಇಳಕಲ್ಲಿನಲ್ಲಿ ಬೆಳೆದವರಿಗೆ ಊರು ನೆನಪಾಗಬೇಕಾದದ್ದು ಬಣ್ಣ ಕುದಿಸುವ ವಾಸನೆಯಿಂದ, ಇಲ್ಲವೆ ನೂಲಿಗೆ ಹಾಕಿದ ಗಂಜಿಯ ವಾಸನೆಯಿಂದ. ನನಗೆ ಮಾತ್ರ ಹೊಲಿಗೆ ಯಂತ್ರದ ಎಣ್ಣೆಯಿಂದ. ನಮ್ಮ ಸಂಗಪ್ಪ ಕಾಕಾ, ಅಂದರೆ ಅಪ್ಪನ ತಮ್ಮ, ತನ್ನ ವೈಬ್ರಾಫೋನಿನ ಮೋಟಾರಿಗೆ ಸೋಮವಾರಕ್ಕೊಮ್ಮೆ ಅದೇ ಎಣ್ಣೆ ಬಿಡುತ್ತಿದ್ದ. ಕುಪ್ಪಿಯ ಮೂತಿಯನ್ನು ಕೂಸಿಗೆ ಹಾಲು ಕುಡಿಸುವವರ ಹಾಗೆ ಮೆಲ್ಲಗೆ ಒತ್ತುತ್ತಿದ್ದ. ಉಳಿದ ಎಣ್ಣೆಯನ್ನು ನಮ್ಮವ್ವ ಕದದ ತಿರುಗಣಿಗೆ ಸವರುತ್ತಿದ್ದಳು. ಆದ್ದರಿಂದ ಸೋಮವಾರ ನಮ್ಮ ಮನೆಯ ಬಾಗಿಲು ಸಪ್ಪಳ ಮಾಡುತ್ತಿರಲಿಲ್ಲ, ಪಡಸಾಲೆ ಮಾತ್ರ ಮಾಡುತ್ತಿತ್ತು.

ವೈಬ್ರಾಫೋನು ಎಂದರೆ ಏನೆಂದು ಆಗ ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಕಾಕಾ ಅದನ್ನು ಮುಂಬಯಿಯಿಂದ ರೈಲಿನಲ್ಲಿ ಬಾಗಲಕೋಟೆಗೆ, ಅಲ್ಲಿಂದ ಬಸ್ಸಿನ ತಲೆಯ ಮೇಲೆ ಇಳಕಲ್ಲಿಗೆ ತಂದ. ಇಳಿಸುವಾಗ ಮೊದಲು ಕಂಡದ್ದು ಉದ್ದುದ್ದ ಕೊಳವೆಗಳು. ಸಂಗಪ್ಪ ಬೋರ್‌ವೆಲ್ ಹಾಕುವ ಧಂದೆ ಹಿಡಿದಿದ್ದಾನೆಂದು ಓಣಿಯವರು ಸಂತೋಷಪಟ್ಟರು. ಆಮೇಲೆ ಪಡಸಾಲೆಯಲ್ಲಿ ಜೋಡಿಸಿ ನಿಲ್ಲಿಸಿದಾಗ ಅದು ಕಾಲಿದ್ದ ಏಣಿಯೊಂದನ್ನು ಅಡ್ಡ ಮಲಗಿಸಿದಂತೆ ಕಂಡಿತು. ಮೇಲೆ ಸಾಲಾಗಿ ಅಲ್ಯುಮಿನಿಯಮ್ಮಿನ ಪಟ್ಟಿಗಳು, ಪ್ರತಿ ಪಟ್ಟಿಯ ಕೆಳಗೊಂದು ಕೊಳವೆ, ಕೊಳವೆಯ ಬಾಯಲ್ಲಿ ಮೋಟಾರಿನಿಂದ ಗಿರ್ರನೆ ತಿರುಗುವ ಬಿಲ್ಲೆ. ನೂಲು ಸುತ್ತಿದ ಕೋಲಿನಿಂದ ಪಟ್ಟಿಯನ್ನು ಮುಟ್ಟಿದರೆ ಸ್ವರ ಹುಟ್ಟಿ, ಬಾವಿಯ ನೀರಿನ ಮೇಲೆ ಬಿಸಿಲು ನಡುಗಿದ ಹಾಗೆ ನಡುಗುತ್ತಿತ್ತು. ಕೋಲಿನ ನೂಲು ಸವೆದಾಗ ಕಾಕಾ ಅಪ್ಪನ ಸೀರೆ ಅಂಗಡಿಯಿಂದ ಕೆಂಪು ರೇಷ್ಮೆ ತಂದು ಸುತ್ತಿದ. ಮುಂಬಯಿಯ ಉಣ್ಣೆಗಿಂತ ಇಳಕಲ್ಲಿನ ರೇಷ್ಮೆಯ ಪೆಟ್ಟು ಮೆತ್ತಗೆ ಎಂದು ಹೇಳುತ್ತಿದ್ದ. ಅಪ್ಪ ಮಾತ್ರ ಸೆರಗಿಗೆ ಹೋಗಬೇಕಾದ ರೇಷ್ಮೆ ಕೋಲಿಗೆ ಹೋಯಿತೆಂದು ಗೊಣಗುತ್ತಿದ್ದ.

ಮುಂಬಯಿಯಲ್ಲಿ ಕಾಕಾ ದೊಡ್ಡ ಹೋಟೆಲುಗಳಲ್ಲಿ ಜಾಝ್ ನುಡಿಸುತ್ತಿದ್ದ, ಹಗಲು ಸಿನಿಮಾ ಹಾಡುಗಳ ರೆಕಾರ್ಡಿಂಗಿಗೆ ಹೋಗುತ್ತಿದ್ದ. ಒಂದೊಂದು ಹಾಡಿನಲ್ಲಿ ಅವನ ಪಾಲಿಗೆ ಬರುತ್ತಿದ್ದದ್ದು ಮೂರೋ ನಾಲ್ಕೋ ಪೆಟ್ಟು. ಅಂಥ ಹಾಡು ರೇಡಿಯೋದಲ್ಲಿ ಬಂತೆಂದರೆ ಮನೆಯವರೆಲ್ಲ ಒಲೆ ಆರಿಸಿ ಓಡಿ ಬರುತ್ತಿದ್ದೆವು. ಒಮ್ಮೆ ಅಪ್ಪ ಸರಿಯಾಗಿ ಆ ಪೆಟ್ಟುಗಳ ಹೊತ್ತಿಗೇ ಸೀನಿದ. ಆಯಿ, ಅಂದರೆ ನನ್ನ ಅಜ್ಜಿ ನೀಲವ್ವ, ಕಿವಿಯ ಹಿಂದೆ ಕೈಯಿಟ್ಟು, ಬಂತೇನು ಎಂದು ಕೇಳಿದಳು. ಹೋಯಿತು ಎಂದೆವು. ಅಪ್ಪನೊಡನೆ ಆಕೆ ಎರಡು ದಿನ ಮಾತಾಡಲಿಲ್ಲ.

ಕಾಕಾ ಒಂದೇ ಒಂದು ಜಾಝ್ ಎಲ್‌ಪಿಯಲ್ಲಿ ಪೂರ್ತಿಯಾಗಿ ನುಡಿಸಿದ್ದ. ಅದರ ಹೊದಿಕೆಯ ಮೇಲೆ ಇಡೀ ತಂಡದ ಚಿತ್ರವಿತ್ತು. ಸ್ಯಾಕ್ಸೊಫೋನಿನವನು ನಡುವೆ, ಡ್ರಮ್ಮಿನವನು ಹಿಂದೆ, ಬಲತುದಿಯಲ್ಲಿ ಕರಿ ಕೋಟಿನ ಒಂದು ಮೊಳಕೈ. ಆ ಮೊಳಕೈ ನಮ್ಮ ಕಾಕಾನದು. ಹಿಂಭಾಗದಲ್ಲಿ ಹೆಸರು ಸ್ಯಾಮ್ ಎಂದು ಅಚ್ಚಾಗಿತ್ತು. ಓದಿ ಹೇಳಿದಾಗ ಆಯಿ ಬಹಳ ಹೊತ್ತು ನೋಡಿ, "ಹೆಸರೂ ಅರ್ಧ ಮಾಡ್ಯಾರ, ನನ್ನ ಮಗನ್ನೂ ಅರ್ಧ ಮಾಡ್ಯಾರ," ಎಂದಳು. ಮನೆಯಲ್ಲಿ ರೆಕಾರ್ಡ್ ಹಾಕುವ ಯಂತ್ರವಿರಲಿಲ್ಲ. ಹಾಗಾಗಿ ಅದನ್ನು ದೇವರ ಜಗುಲಿಯ ಪಕ್ಕದ ಮೊಳೆಗೆ ತೂಗುಹಾಕಿದ್ದೆವು. ಮಹಾನವಮಿಯ ದಿನ ತಕ್ಕಡಿ, ಕತ್ತರಿಗಳಿಗೆ ವಿಭೂತಿ ಹಚ್ಚುವಾಗ ಆಯಿ ಆ ಮೊಳಕೈಗೂ ಒಂದಿಷ್ಟು ಹಚ್ಚುತ್ತಿದ್ದಳು. ಬೀಗರು ಬಂದರೆ ಚಹಾಕ್ಕೆ ಮೊದಲೇ ಮೊಳಕೈ ತೋರಿಸುತ್ತಿದ್ದಳು.

ಹೋಟೆಲಿನವರು ಬ್ಯಾಂಡು ತೆಗೆದು ಟೇಪು ಹಾಕತೊಡಗಿದಾಗಲೇ ಆ ಬೇಸಿಗೆ ಕಾಕಾ ವಾದ್ಯದೊಡನೆ ಊರಿಗೆ ಬಂದದ್ದು. ಸ್ವಲ್ಪ ದಿನಕ್ಕೆ ಎಂದು ಬಂದವನು ಮಳೆಗಾಲ ಬಂದರೂ ಹೋಗಲಿಲ್ಲ. ಪಡಸಾಲೆಯಲ್ಲಿ ಒಬ್ಬನೇ ನುಡಿಸುತ್ತ ನಿಂತಿರುತ್ತಿದ್ದ. ಜಾಝ್ ಅಂದರೆ ಏನಪ್ಪಾ ಎಂದು ಆಯಿ ಒಮ್ಮೆ ಕೇಳಿದಳು. ಒಬ್ಬ ಹಾಡು ಎತ್ತಿಕೊಡುತ್ತಾನೆ, ಉಳಿದವರು ಸರದಿಯಂತೆ ತಮಗೆ ತಿಳಿದ ಹಾಗೆ ಅದನ್ನು ಬೆಳೆಸುತ್ತಾರೆ, ಎಲ್ಲಿ ಹೋದರೂ ಕೊನೆಗೆ ಅದೇ ಹಾಡಿಗೆ ಬಂದು ಕೂಡುತ್ತಾರೆ ಎಂದು ಅವನು ವಿವರಿಸಿದ. ಆಯಿ ಯೋಚಿಸಿ ಹೇಳಿದಳು: "ನಮ್ಮ ಭಜನ್ಯಾಗ ಗಂಗವ್ವ ದಿನಾ ಅದನ್ನ ಮಾಡ್ತಾಳ. ಆಕಿಗೆ ನಾವು ಬೈತೀವಿ."

ಆಯಿ ಓಣಿಯ ಹೆಂಗಸರ ಭಜನಾ ಮಂಡಳಿಯ ಮುಂದಾಳು. ಸೋಮವಾರ ಸಂಜೆ ನಮ್ಮ ಪಡಸಾಲೆಯಲ್ಲೇ ವಚನ, ತತ್ವಪದಗಳ ಹಾಡು. ಜೊತೆಗೆ ತಾಳ ಮತ್ತು ಒಂದು ಏಕತಾರಿ, ಅಷ್ಟೇ. ಹಿಂದೊಬ್ಬ ಹಾರ್ಮೋನಿಯಮ್ ಮಾಸ್ತರರು ಬರುತ್ತಿದ್ದರಂತೆ. ಆಯಿಯ ಶ್ರುತಿ ಬಿಳಿ ಮನೆಯಲ್ಲೂ ಸಿಗದೆ ಕರಿ ಮನೆಯಲ್ಲೂ ಸಿಗದೆ ನಡುವಿನ ಕಟ್ಟಿಗೆಯೊಳಗೆ ಎಲ್ಲೋ ಇದೆ ಎಂದು ಹೇಳಿ, ಕೈಮುಗಿದು ಹೋದವರು ಮತ್ತೆ ಬರಲಿಲ್ಲ. ಆ ಶ್ರಾವಣದಲ್ಲಿ ಆಯಿ ಮಗನಿಗೆ, ಸುಮ್ಮನೆ ನಿಂತು ಇಂಗ್ಲಿಷಿನಲ್ಲಿ ಬಾರಿಸುವ ಬದಲು ನಮ್ಮ ಜೋಡಿ ಬಾರಿಸು ಎಂದಳು. ಕಾಕಾ ಸ್ನಾನ ಮಾಡಿ ವಿಭೂತಿ ಧರಿಸಿ ನಿಂತ. ಆಯಿ ಪದ ಎತ್ತಿದಳು, ಕಾಕಾ ಪಟ್ಟಿ ಮುಟ್ಟಿದ. ನಿಂಬೆಹುಳಿ ಹಿಂಡಿದ ಹಾಲಿನ ಹಾಗೆ ಎರಡೂ ಸ್ವರ ಒಡೆದು ನಿಂತವು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕಾಕಾ ಮೆಲ್ಲಗೆ, ಕೂದಲೆಳೆಯಷ್ಟು ಕೆಳಗೆ ಬಂದರೆ ಸಾಕು ಎಂದು ತಾಯಿಗೆ ವಿನಂತಿಸಿದ.

"ನಾ ಇಳದ್ರ ಇವರೆಲ್ಲಾರೂ ಇಳೀಬೇಕಾಗ್ತೈತಿ," ಎಂದಳು ಆಯಿ. "ಈ ಮಂಡಿ ನೋವು ಕಟಗೊಂಡು ಈಗೆಲ್ಲಿ ಇಳೀತಾರ ಇವರು? ನಿನ್ನ ಪಟ್ಟೀಗೆ ಏರಾಕ ಹೇಳು."

ಪಟ್ಟಿಗೆ ಏರಲು ಬರುವುದಿಲ್ಲ ಎಂದು ಕಾಕಾ ಹೇಳಿದ. ಆದರೂ ಅವನು ಸುಮ್ಮನಿರಲಿಲ್ಲ. ಬೆಳಿಗ್ಗೆ ಆಯಿ ಏಳುವ ಹೊತ್ತಿಗೆ ತನ್ನ ಸ್ವರವನ್ನು ಬಾರಿಸುತ್ತಿದ್ದ. ಆಕೆ ರೊಟ್ಟಿ ಬಡಿಯುವಾಗ ಅದೇ ಸ್ವರವನ್ನು ಗುನುಗುತ್ತ ಅಡಿಗೆಮನೆಯಲ್ಲಿ ಓಡಾಡುತ್ತಿದ್ದ, ತಾಯಿಯನ್ನು ಆಕೆಗೇ ತಿಳಿಯದಂತೆ ತನ್ನ ಕಡೆ ಎಳೆದುಕೊಳ್ಳುವ ಆಸೆಯಿಂದ. ತಿಂಗಳು ಕಳೆಯಿತು. ಆಯಿ ಒಂದೆಳೆ ಕದಲಲಿಲ್ಲ. ಒಂದು ದಿನ ರೇಡಿಯೋದಲ್ಲಿ ಹಾಡು ಬರುತ್ತಿದ್ದಾಗ ಕಾಕಾ ಮುಖ ಹಿಂಡಿ, ಇದೇನು ಎಲ್ಲರೂ ಕೆಳಗೆ ಹಾಡುತ್ತಿದ್ದಾರಲ್ಲ ಎಂದ. ಅದು ಅವನೇ ಮುಂಬಯಿಯಲ್ಲಿ ನುಡಿಸಿದ್ದ ಹಾಡು. ಎಳೆಯಲು ಹೋದವನನ್ನು ಆಯಿ ರೊಟ್ಟಿ ಬಡಿಯುತ್ತಲೇ ತನ್ನ ಕಡೆ ಎಳೆದುಕೊಂಡಿದ್ದಳು.

ಮರುದಿನ ಕಾಕಾ ಕಮ್ಮಾರನ ಹತ್ತಿರ ಹೋಗಿ ಒಂದು ಅರ ತಂದ. ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಉಜ್ಜತೊಡಗಿದ. ತುದಿಗಳನ್ನು ಕೆಳಗಿನಿಂದ ಉಜ್ಜಿದರೆ ಸ್ವರ ಏರುತ್ತದೆ, ನಡುಹೊಟ್ಟೆಯನ್ನು ಉಜ್ಜಿದರೆ ಇಳಿಯುತ್ತದೆ. ಅವನು ತುದಿಗಳನ್ನೇ ಉಜ್ಜಿದ. ಸ್ವಲ್ಪ ಉಜ್ಜುವುದು, ಪಟ್ಟಿ ಬಾರಿಸುವುದು, ಅಡಿಗೆಮನೆಯತ್ತ ತಿರುಗಿ "ಯವ್ವಾ" ಎಂದು ಕೂಗುವುದು. ಆಯಿ ಒಲೆಯ ಮುಂದಿನಿಂದಲೇ ಒಂದು ಆಲಾಪ ಎಸೆಯುತ್ತಿದ್ದಳು. ಅವನು ಮತ್ತೆ ಉಜ್ಜುತ್ತಿದ್ದ. ದೀಪಾವಳಿಯ ತನಕ ನಮ್ಮ ಪಡಸಾಲೆಯಲ್ಲಿ ಬೆಳ್ಳಿ ಪುಡಿ ಉದುರಿತು. ಅಪ್ಪ ಅಂಗಡಿಯಿಂದ ಬಂದು ನೋಡಿ, ಇನ್ನು ಇದನ್ನು ಊರಲ್ಲಿ ಬೇರೆ ಯಾವ ವಾದ್ಯದ ಜೊತೆಗೂ ನುಡಿಸಲು ಬರುವುದಿಲ್ಲವಲ್ಲ ಎಂದ. ಊರಲ್ಲಿ ಬೇರೆ ಯಾವ ವಾದ್ಯವಿದೆ ಎಂದು ಕಾಕಾ ಕೇಳಿದ. ಮದುವೆಯ ಬ್ಯಾಂಡಿನವರನ್ನು ನೆನೆದು ಅಪ್ಪ ಕಾಲಿಗಂಟಿದ ಪುಡಿ ಝಾಡಿಸಿಕೊಂಡು ಒಳಗೆ ಹೋದ.

ಮುಂದಿನ ಸೋಮವಾರ ಆಯಿ ಪದ ಎತ್ತಿದಳು, ಕಾಕಾ ಪಟ್ಟಿ ಮುಟ್ಟಿದ. ಯಾರೂ ನಗಲಿಲ್ಲ. ಆಯಿಯ ದನಿ ಎಲ್ಲಿ ಮುಗಿಯಿತು, ಪಟ್ಟಿಯ ದನಿ ಎಲ್ಲಿ ಶುರುವಾಯಿತು ತಿಳಿಯಲಿಲ್ಲ. ಪದ ಮುಗಿದ ಮೇಲೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಗವ್ವ ಕಣ್ಣೊರೆಸಿಕೊಂಡು, ಇನ್ನೊಮ್ಮೆ ಹೇಳೋಣ ಎಂದಳು.

ಎರಡು ವರ್ಷ ಹೀಗೇ ನಡೆದ ಮೇಲೆ ಪೀಟರ್ ಬಂದ. ಅವನೇ ಎಲ್‌ಪಿಯ ಹೊದಿಕೆಯ ನಡುವೆ ನಿಂತಿದ್ದ ಸ್ಯಾಕ್ಸೊಫೋನಿನವನು, ಗೋವಾದವನು. ಆಯಿ ಅವನನ್ನು ಮೊದಲ ದಿನವೇ ಪೀಟರಪ್ಪ ಮಾಡಿದಳು. ಆಕೆಗೆ ಹಿಂದಿ ಬಾರದು, ಅವನಿಗೆ ಕನ್ನಡ ಬಾರದು. ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಜೋಳದ ರೊಟ್ಟಿಗೆ ಎಣ್ಣೆಗಾಯಿ, ಗುರೆಳ್ಳು ಚಟ್ನಿ ಹಚ್ಚಿ ತಿನ್ನುತ್ತ ಅವನು ಬಂದ ಕೆಲಸ ಹೇಳಿದ. ಹೊರದೇಶದ ದೊಡ್ಡ ಕಹಳೆಗಾರನೊಬ್ಬ ಮುಂಬಯಿಗೆ ಬರುತ್ತಾನೆ, ಅವನೊಡನೆ ಒಂದು ರೆಕಾರ್ಡು ಮಾಡಬೇಕು, ವೈಬ್ರಾಫೋನಿಗೆ ಸ್ಯಾಮ್‌ನೇ ಬೇಕು. ಈ ಸಲ ಹೊದಿಕೆಯ ಮೇಲೆ ಪೂರ್ತಿ ಚಿತ್ರ. ಅಪ್ಪನಿಗೆ ಹಿಗ್ಗೋ ಹಿಗ್ಗು. ಊಟವಾದ ಮೇಲೆ ಪೀಟರ್ ಸ್ಯಾಕ್ಸೊಫೋನು ತೆಗೆದು ಒಂದು ಸ್ವರ ಊದಿದ, ಕಾಕಾ ಅದೇ ಸ್ವರದ ಪಟ್ಟಿ ಮುಟ್ಟಿದ. ಹುಣಸೆಕಾಯಿ ಕಚ್ಚಿದವನ ಹಾಗೆ ಪೀಟರನ ಹಲ್ಲು ಜುಮ್ಮೆಂದಿತು. ಇದಕ್ಕೇನಾಯಿತು ಎಂದು ಕೇಳಿದ. ಕಾಕಾ ಅಡಿಗೆಮನೆಯತ್ತ ಗದ್ದ ತೋರಿಸಿದ.

ಹೊಟ್ಟೆ ಉಜ್ಜಿದರೆ ಮತ್ತೆ ಇಳಿಯುತ್ತದೆ, ಮುಂಬಯಿಯಲ್ಲಿ ಅದನ್ನು ಮಾಡುವವರಿದ್ದಾರೆ, ಬೇಡವಾದರೆ ವಾದ್ಯ ಇಲ್ಲೇ ಇರಲಿ, ನಿನ್ನ ಕೈ ತಂದರೆ ಸಾಕು ಎಂದು ಪೀಟರ್ ಹೇಳಿದ. ಕಾಕಾ ಕೋಲಿನ ರೇಷ್ಮೆಯನ್ನು ಬಿಚ್ಚಿ ಮತ್ತೆ ಸುತ್ತುತ್ತ ಕುಳಿತ. ಮರುದಿನ ಬೆಳಿಗ್ಗೆ ಆಯಿ ಕೈ ತೊಳೆದುಕೊಂಡು ಬಂದು ಮಗನ ಎದುರು ಕುಳಿತಳು.

"ಹೋಗು ಸಂಗ್ಯಾ. ನನ್ನ ಸಲುವಾಗಿ ಕುಂದ್ರಬ್ಯಾಡ. ನಿನ್ನ ಪಟ್ಟಿ ಇಳಸ್ಕೋ, ನಾನೂ ಇಳೀತೇನಿ. ಪೀಟರಪ್ಪಾ, ಊದು."

ಪೀಟರ್ ಊದಿದ. ಆಯಿ ಕಣ್ಣು ಮುಚ್ಚಿ, ಇಳಿಜಾರಿನಲ್ಲಿ ಕೊಡ ಹೊತ್ತವಳಂತೆ ಎಚ್ಚರಿಕೆಯಿಂದ ಪದ ಎತ್ತಿದಳು. ಹಣೆಯ ಮೇಲೆ ಬೆವರು ಮೂಡಿತು. ಬಂದದ್ದು ಮಾತ್ರ ಅದೇ ಹಳೆಯ ಸ್ವರ, ಒಂದೆಳೆ ಹೆಚ್ಚಲ್ಲ, ಒಂದೆಳೆ ಕಡಿಮೆಯಲ್ಲ. ನಾವೆಲ್ಲ ನಗು ಹಿಡಿದು ಕುಳಿತೆವು. ಆಕೆ ಕಣ್ಣು ಬಿಟ್ಟು, ಇಳಿದೆನೋ ಇಲ್ಲವೋ ಎಂದು ಮಗನನ್ನು ಕೇಳಿದಳು.

"ಇಳದಿ ಯವ್ವಾ," ಎಂದ ಕಾಕಾ. "ಭಾಳ ಇಳದಿ."

ಪೀಟರನಿಗೆ ಮಾತು ತಿಳಿಯದಿದ್ದರೂ ವಿಷಯ ತಿಳಿಯಿತು. ಅವನು ಸ್ಯಾಕ್ಸೊಫೋನಿನ ಬಾಯಿತುದಿಯನ್ನು ಒಳಗೆ ಒತ್ತಿ, ಊದಿ ನೋಡಿ, ಇನ್ನಷ್ಟು ಒತ್ತಿದ. ಮೂರನೆಯ ಸಲಕ್ಕೆ ಆಯಿಯ ಸ್ವರ ಸಿಕ್ಕಿತು. ಆ ಸಂಜೆ ಮಂಡಳಿಯವರನ್ನೆಲ್ಲ ಕರೆಸಿ, ತಾನು ತಂದಿದ್ದ ಟೇಪ್ ರೆಕಾರ್ಡರನ್ನು ಕಾಳಿನ ಡಬ್ಬಿಯ ಮೇಲಿಟ್ಟ. ಪಕ್ಕದ ಮನೆಯ ಮಗ್ಗದ ಖಟಕ್ ಖಟಕ್ ಗೋಡೆ ದಾಟಿ ಬರುತ್ತಿತ್ತು. ಅರ್ಧ ತಾಸು ನಿಲ್ಲಿಸಲು ಹೇಳಿಬರಲೇ ಎಂದು ಅಪ್ಪ ಎದ್ದ. ಆಯಿ ಬೇಡವೆಂದಳು, ಮಗ್ಗ ನಿಂತರೆ ಯಾರೋ ಸತ್ತ ಹಾಗಾಗುತ್ತದೆ ಎಂದಳು. ಪೀಟರ್ ತಲೆ ಒಂದೆಡೆ ವಾಲಿಸಿ ಕೇಳಿ, ಡ್ರಮ್ಮಿನವನು ಇರಲಿ ಎಂದ. ಆಯಿ ಹಾಡಿದಳು, ಹೆಂಗಸರು ಕೂಡಿದರು, ಪಟ್ಟಿಗಳು ನಡುಗಿದವು, ಸ್ಯಾಕ್ಸೊಫೋನು ಎಮ್ಮೆಯ ಕರುವಿನಂತೆ ಅವರ ಹಿಂದೆಯೇ ಮೂಸುತ್ತ ಬಂತು. ಗಂಗವ್ವ ಮಾತು ಮರೆತು ತನಗೆ ತೋಚಿದ್ದನ್ನು ಹಾಡಿದಳು. ಪೀಟರ್ ಅದನ್ನು ಎತ್ತಿಕೊಂಡು ಬೆಳೆಸಿದ, ಕಾಕಾ ಅವನಿಂದ ಎತ್ತಿಕೊಂಡ. ಅಂದು ಗಂಗವ್ವನಿಗೆ ಯಾರೂ ಬೈಯಲಿಲ್ಲ.

ಹೊರಡುವ ದಿನ ಪೀಟರನನ್ನು ಬಾಗಲಕೋಟೆಯ ಸ್ಟೇಷನ್ನಿಗೆ ಬಿಟ್ಟುಬರುತ್ತೇನೆಂದು ಕಾಕಾ ಹೊರಟ. ಮೈಮೇಲೆ ಮುಂಬಯಿಯ ಕರಿ ಕೋಟು. ಬಿಟ್ಟುಬರಲು ಹೋಗುವವನಿಗೆ ಕೋಟು ಯಾಕೆ ಎಂದು ಯಾರೂ ಕೇಳಲಿಲ್ಲ. ಆಯಿ ಇಬ್ಬರಿಗೂ ಸಾಲುವಷ್ಟು ರೊಟ್ಟಿ ಕಟ್ಟಿಕೊಟ್ಟಳು, ಮುಂಬಯಿ ಮುಟ್ಟುವ ತನಕ ಸಾಲುವಷ್ಟು. ಅವರ ಬಸ್ಸು ಹೋದ ಮೇಲೆ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತವಳು ಮಧ್ಯಾಹ್ನ ಉಣ್ಣಲಿಲ್ಲ. ಅಂದು ಸೋಮವಾರವಲ್ಲ, ಆದರೂ ಹೆಂಗಸರು ಒಬ್ಬೊಬ್ಬರಾಗಿ ಬಂದು, ಸೊಪ್ಪು ಸೋಸುವ ನೆವದಲ್ಲಿ ಕುಳಿತರು. ಒಂದು ಮನೆಗೆ ಬೇಡವಾದಷ್ಟು ಸೊಪ್ಪು ಸೋಸಿದರು. ಬಾಗಲಕೋಟೆಯ ದಾರಿಯಲ್ಲಿ, ಹುನಗುಂದದ ಕಡೆಯಿಂದ ಬರುವ ಒಂದೊಂದು ಬಸ್ಸಿನ ಸದ್ದಿಗೂ ಕೈಗಳು ನಿಲ್ಲುತ್ತಿದ್ದವು. ದೀಪ ಹಚ್ಚುವ ಹೊತ್ತಿಗೆ ಕಾಕಾ ಒಳಗೆ ಬಂದು, ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಒಂದು ಪೊಟ್ಟಣವನ್ನು ಆಯಿಯ ಮಡಿಲಲ್ಲಿಟ್ಟ. ಅಮೀನಗಡದಲ್ಲಿ ಬಸ್ಸು ನಿಂತಿತ್ತು, ಕರದಂಟು ತಂದೆ ಎಂದ. ಆಯಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ಅಂಟು ಕಡಿಮೆಯಾಗಿದೆ ಎಂದಳು.

ಯಾಕೆ ಹೋಗಲಿಲ್ಲವೆಂದು ಅಪ್ಪ ಕೆಲವು ದಿನಗಳ ಮೇಲೆ ಕೇಳಿದ. ಕಾಕಾ ಪಟ್ಟಿ ಒರೆಸುತ್ತಿದ್ದ. "ರೈಲಿನ ಸಿಳ್ಳಿ ಸುದ್ದಾ ಇಳದಾಂಗ ಕೇಳಸ್ತು, ಅಣ್ಣಾ," ಎಂದ. "ಅಲ್ಲೆ ಹೋಗಿ ನಾ ಯಾರ ಜೋಡಿ ನುಡಸಲಿ?"

ಮುಂಬಯಿಯ ಆ ರೆಕಾರ್ಡು ಕಾಕಾನಿಲ್ಲದೆ ಆಯಿತು. ನಮ್ಮ ಪಡಸಾಲೆಯದು ಎಲ್‌ಪಿಯಾಗಿ ಬರಲಿಲ್ಲ, ಟೇಪಿನಲ್ಲೇ ಉಳಿಯಿತು. ಪೀಟರ್ ಟೇಪನ್ನು ಅಲ್ಲಿ ಹಲವರಿಗೆ ಕೇಳಿಸಿದನಂತೆ. ಎಲ್ಲರೂ ಮೊದಲು ಕೇಳಿದ್ದು ಆ ಡ್ರಮ್ಮಿನವನು ಯಾರೆಂದು. ಮುಂದೊಮ್ಮೆ ಬಂದಾಗ ಅದನ್ನೊಂದು ಕ್ಯಾಸೆಟ್ಟಿಗೆ ಇಳಿಸಿ ತಂದುಕೊಟ್ಟ. ಆಯಿ ಕೇಳಿ, "ಯಾರವಾ ಈ ಮುದುಕಿ? ಸೂರ ಚಲೋ ಹಿಡದಾಳ," ಎಂದಳು. ಕೇಳಿ ಕೇಳಿ ಆ ಟೇಪು ಸವೆಯಿತು, ಯಂತ್ರದ ಹಲ್ಲಿಗೆ ಸಿಕ್ಕು ಹರಿಯಿತು, ಅಂಟಿಸಿದೆವು, ಮತ್ತೆ ಹರಿಯಿತು.

ಎಂಬತ್ತರ ದಶಕ ಮುಗಿಯುವ ಮೊದಲೇ ಆಯಿ ಹೋದಳು. ಇನ್ನು ಆ ವಾದ್ಯ ಯಾರಿಗೂ ಹೊಂದುವುದಿಲ್ಲವೆಂದು ಅಪ್ಪ ಅದಕ್ಕೆ ಹಳೆಯ ಸೀರೆ ಹೊದಿಸಿದ. ಆಕೆಯ ದಿನಕರ್ಮ ಮುಗಿದ ಮೇಲೆ ಬಂದ ಮೊದಲ ಸೋಮವಾರ ಮಂಡಳಿಯ ಹೆಂಗಸರು ಬಂದು ಕುಳಿತರು. ಎತ್ತಿಕೊಡುವವರು ಯಾರೆಂದು ಒಂದು ಗಳಿಗೆ ತಡವರಿಸಿ, ಎಲ್ಲರೂ ಒಟ್ಟಿಗೇ ಎತ್ತಿದರು. ಒಳಗಿದ್ದ ಕಾಕಾ ಹೊರಗೆ ಬಂದ. ಅಷ್ಟು ವರ್ಷ ಆಯಿಯ ಹಿಂದೆ ಹಾಡಿದವರಿಗೆ ಬೇರೆ ಶ್ರುತಿ ಇದೆಯೆಂಬುದೇ ತಿಳಿದಿರಲಿಲ್ಲ. ಅವನು ಸೀರೆ ತೆಗೆದು ಕೋಲು ಹಿಡಿದ.

ಆಮೇಲೆ ಒಂದೊಂದು ವರ್ಷ ಒಬ್ಬೊಬ್ಬರು ಕಡಿಮೆಯಾದರು. ಗಂಗವ್ವನೂ ಹೋದಳು. ಮದುವೆಯಾಗಿ ಬೇರೆ ಊರಿಗೆ ಬಂದಿದ್ದ ನಾನು ತವರಿಗೆ ಹೋದ ಒಂದು ಸೋಮವಾರದ ಸಂಜೆ, ಪಡಸಾಲೆಯಲ್ಲಿ ಚಾಪೆ ಹಾಸಿತ್ತು, ಕುಳಿತವರು ಯಾರೂ ಇರಲಿಲ್ಲ. ಕಾಕಾ ಒಬ್ಬನೇ ನಿಂತು ನುಡಿಸುತ್ತಿದ್ದ. ಪದದ ಒಂದು ಸಾಲು ನುಡಿಸಿ ಕೋಲು ಎತ್ತಿ ಹಿಡಿಯುತ್ತಿದ್ದ. ಹೆಂಗಸರು ಆ ಸಾಲನ್ನು ತಿರುಗಿ ಹೇಳಲು ಬೇಕಾದಷ್ಟು ಹೊತ್ತು, ಅವಸರವಿಲ್ಲದೆ, ಚಾಪೆಯ ಕಡೆ ನೋಡುತ್ತ ಕಾಯುತ್ತಿದ್ದ. ಆಮೇಲೆ ತಲೆಯಾಡಿಸಿ, ಮುಂದಿನ ಸಾಲು ನುಡಿಸುತ್ತಿದ್ದ.