ಕಿಟಕಿಯ ಕ್ಯಾಮೆರಾ ಮತ್ತು ಗಂಗೆಯ ಮಂಜು

2009ರ ಜನವರಿ. ಆಗ ನಾನು ಕಾಶಿಯಲ್ಲಿ, ನಮ್ಮ ಮನೆಯ ಮೊದಲ ಮಹಡಿಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗದಲ್ಲಿ ಇದ್ದವನು ನಾನೊಬ್ಬನೇ, ವಯಸ್ಸು ಹದಿನೈದು. ದೊಡ್ಡಪ್ಪ ಕರ್ನಾಟಕದ ಯಾತ್ರಿಕರಿಗೆ ಕರ್ಮ ಮಾಡಿಸುವ ಪುರೋಹಿತರು. ಅವರ ಹಳೆಯ ಕಂಪ್ಯೂಟರಿನಿಂದ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿದ ಮೇಲೆ, ಅಸ್ಸಿ ಘಾಟಿನಿಂದ ಗೋದೌಲಿಯಾ ಚೌಕದವರೆಗೆ ನನ್ನಷ್ಟು ಬಲ್ಲವರಿಲ್ಲವೆಂದು ನಾನೇ ಸಾರಿಕೊಂಡಿದ್ದೆ. ಯಾರೂ ಅಲ್ಲಗಳೆಯಲಿಲ್ಲ. ಲಿನಕ್ಸ್ ಅಂದರೇನೆಂದೇ ಯಾರಿಗೂ ಗೊತ್ತಿರಲಿಲ್ಲ.

ಆ ಬೆಳಿಗ್ಗೆ ಗದುಗಿನ ಸೀನಣ್ಣ ತಂದೆಯ ಅಸ್ಥಿ ತಂದಿದ್ದರು. ತಾಯಿ ಅಂಬಾಬಾಯಿ ಕಾಲು ಮುರಿದುಕೊಂಡು ಊರಲ್ಲೇ ಉಳಿದಿದ್ದರು. ಗಂಡನನ್ನು ಗಂಗೆಗೆ ಬಿಡುವುದನ್ನು ಕಣ್ಣಾರೆ ನೋಡಬೇಕೆಂಬುದು ಅವರ ಆಸೆ. ಮೊಮ್ಮಗ ಅವರನ್ನು ವಿಡಿಯೊ ಕರೆಗೆಂದು ಗದುಗಿನ ಸೈಬರ್ ಕೆಫೆಯಲ್ಲಿ ಕೂರಿಸಿದ್ದ. ಮಿಕ್ಕಿದ್ದು ನನಗೆ ಬಿಡಿ ಎಂದು ಹಿಂದಿನ ದಿನವೇ ನಾನು ಎದೆ ತಟ್ಟಿಕೊಂಡಿದ್ದೆ.

ನಿಂಬೆಹಣ್ಣಿನಂಥ ಹಳೆಯ ಯುಎಸ್‌ಬಿ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆದು, ಘಾಟಿನ ಮೆಟ್ಟಿಲು ಕಾಣುವ ಕಿಟಕಿಯಲ್ಲಿಟ್ಟೆ. ಪರದೆ ಕಪ್ಪು. lsusb ಎಂಬ ಆಜ್ಞೆ ಕೊಟ್ಟೆ. ಅದು ಕಂಪ್ಯೂಟರಿಗೆ ತಂತಿಯಲ್ಲಿ ಸಿಕ್ಕಿಸಿದ ಸಾಧನಗಳ ಹಾಜರಿ ಕರೆಯುತ್ತದೆ. ಕ್ಯಾಮೆರಾ ಹಾಜರಿತ್ತು, ಮುಖ ಮಾತ್ರ ತೋರಿಸದು. ಲಿನಕ್ಸಿನಲ್ಲಿ ಕ್ಯಾಮೆರಾ ಮುಟ್ಟಲು video ಎಂಬ ಗುಂಪಿನಲ್ಲಿ ಹೆಸರಿರಬೇಕು. ಮುಖ್ಯಸ್ಥರ ಹೆಸರೇ ಅಲ್ಲಿರಲಿಲ್ಲ.

"ನಮ್ಮ ಮನೀ ಕಂಪ್ಯೂಟರಿಗೇ ನಿನ್ನ ಗುರ್ತಿಲ್ಲೇನೋ?" ಎಂದರು ದೊಡ್ಡಪ್ಪ.

"ಬಸ್, ದೋ ಮಿನಿಟ್!"

ಎರಡು ನಿಮಿಷ ನಲವತ್ತಾಯಿತು. ಕೆಳಗಿನಿಂದ ಅಂಬಿಗ ಕೂಗಿದ: "ಕಾ ಗುರೂ, ನಾವ್ ಖುಲೀ ಕಿ ನಾಹೀ?" ದೋಣಿ ಬಿಚ್ಚಲೋ ಬೇಡವೋ ಎಂದು ಅವನ ಚಿಂತೆ.

ಗುಂಪಿಗೆ ಹೆಸರು ಸೇರಿಸಿ, ಮತ್ತೆ ಲಾಗಿನ್ ಆಗಿ, ಗದುಗಿಗೆ ಕರೆ ಜೋಡಿಸಿದೆ. ಚಿತ್ರ ಬಂತು! ಅದರಲ್ಲಿ ಮೆಟ್ಟಿಲಿಲ್ಲ, ನದಿಯಿಲ್ಲ, ಹಾಲಿಗೆ ಕೇಸರಿ ಕದಡಿದಂಥ ಬೆಳಕು ಮಾತ್ರ, ಅದರೊಳಗೆ ಯಾವುದೋ ನೆರಳು ತೇಲುತ್ತಿತ್ತು.

"ಅಜ್ಜಿ, ಇದು ಕಾಶಿಯ ಮಂಜು. ವರ್ಷಕ್ಕೊಮ್ಮೆ ಇಂಥದ್ದು ಬೀಳೋದು," ಎಂದೆ, ಕಣ್ಣು ಮಿಟುಕಿಸದೆ.

ಅಜ್ಜಿ ಕೈಮುಗಿದರು. ಅವರ ಕಡೆಯ ಚಿತ್ರ ನನ್ನ ಪರದೆಯಲ್ಲಿ ಸ್ವಚ್ಛವಾಗಿತ್ತು. ಬಾಗಿ ಬಾಗಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಂದರು.

"ಭಾಳ ಛಂದ ಅದಪಾ. ಆದ್ರ ನಮ್ಮ ಸೀನ ಎಲ್ಲಿದ್ದಾನ? ಅವರು ಎಲ್ಲಿದ್ದಾರ?"

"ಅಜ್ಜೀಗೆ ಕಂಡ್ತಲ್ಲ, ದೋಣಿ ಬಿಡಸ್ಲೇನು?" ಎಂದು ದೊಡ್ಡಪ್ಪ ಕೇಳಿದರು. ಹೂಂ ಅಂದಿದ್ದರೆ ನನ್ನ ಕೀರ್ತಿ ಉಳಿಯುತ್ತಿತ್ತು. ಅಜ್ಜಿ ಆ ಕೇಸರಿ ಬೆಳಕಿನಲ್ಲಿ ಇನ್ನೂ ಹುಡುಕುತ್ತಲೇ ಇದ್ದರು.

"ಇಲ್ಲ ದೊಡ್ಡಪ್ಪ. ನಾ ಸುಳ್ಳು ಹೇಳ್ದೆ. ಏನೂ ಕಾಣ್ತಿಲ್ಲ."

ಆಗ ಮೊದಲ ಸಲ ಕ್ಯಾಮೆರಾದ ಮುಖವನ್ನೇ ನೋಡಿದೆ. ಗಾಜಿನ ಮೇಲೆ ಒಣಗಿದ ಗಂಧ, ನಡುವೆ ಕುಂಕುಮ, ಒಂದು ಅಕ್ಷತೆಯ ಕಾಳು. ಆಯುಧಪೂಜೆಯ ದಿನ ಮನೆಯ ಯಂತ್ರಗಳಿಗೆಲ್ಲ ಹಚ್ಚಿದವನು ನಾನೇ. ಕ್ಯಾಮೆರಾಕ್ಕೆ ಹಣೆ ಎಲ್ಲಿದೆಯೆಂದು ಹುಡುಕಿ ಅಲ್ಲಿಗೇ ಹಚ್ಚಿದ್ದೆ. ಅಜ್ಜಿಗೂ ಹಾಗೇ ಹೇಳಿದೆ.

ದೊಡ್ಡಪ್ಪ ನೀರು ತುಂಬಿದ ಪಂಚಪಾತ್ರೆ ಮುಂದೆ ಹಿಡಿದರು. ಪಂಚೆಯ ಅಂಚು ಅದ್ದಿ, ಹಿಂಡಿ, ಒರೆಸಿದೆ. ಗದುಗಿನ ಪರದೆಯಲ್ಲಿ ಮೆಟ್ಟಿಲು ಮೂಡಿತು. ಮೆಟ್ಟಿಲ ಮೇಲೆ ಮಡಕೆ ಎದೆಗವಚಿಕೊಂಡ ಸೀನಣ್ಣ.

ಅಜ್ಜಿ ಬಾಯಿಬಿಟ್ಟು ಕೂಗಿದರು: "ಈ ಚಳಿಯಾಗ ಬರೇ ಮೈಲೆ ನಿಂತಾನಲ್ಲೋ! ಶಲ್ಯಾನಾದ್ರೂ ಹೊದ್ಕೋ ಅನ್ನು!"

ಕಿಟಕಿಯಿಂದ ನಾನು ಕೂಗಿ ಹೇಳಿದೆ. ಸೀನಣ್ಣ ನಕ್ಕರು, ಅತ್ತರು, ಉತ್ತರೀಯ ಹೊದ್ದು, ಕೆಳಗಿಳಿದು ಬಂದ ದೊಡ್ಡಪ್ಪನ ಜೊತೆ ದೋಣಿ ಹತ್ತಿದರು. ದೋಣಿ ಸದ್ದಿಲ್ಲದೆ ಸರಿಯಿತು. ನೀರೆಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯದ ಕಡೆ ಮಡಕೆ ಬಾಗಿತು. ಆಮೇಲೆ ದೋಣಿಯೂ ಕರಗಿ ಬರೀ ಬಿಳುಪು ಉಳಿಯಿತು.

"ಮತ್ತ ಗಂಧ ಹಚ್ಚಿದೇನೋ?" ಎಂದರು ಅಜ್ಜಿ.

ಗಾಜು ಇನ್ನೊಮ್ಮೆ ನೋಡಿದೆ. "ಇಲ್ಲ ಅಜ್ಜಿ. ಇದು ಮಂಜು. ಈ ಸಲ ಖರೇನ."

"ಹಂಗಾರ ಇರ್ಲಿ. ಕ್ಯಾಮೆರಾ ತೆಗೀಬ್ಯಾಡ," ಎಂದು ಅಜ್ಜಿ ಬಹಳ ಹೊತ್ತು ನೋಡುತ್ತ ಕೂತರು. ನಾನೂ ತೆಗೆಯಲಿಲ್ಲ.

ಅಂದಿನಿಂದ ಯಾವ ಯಂತ್ರ ಕೆಟ್ಟರೂ, ಅದಕ್ಕೆ ನಾನೇನು ಮಾಡಿದ್ದೆ ಎಂದು ಮೊದಲು ನೋಡುತ್ತೇನೆ. ಲಿನಕ್ಸನ್ನು ಬೈಯುವುದು ಆಮೇಲೆ.