ತುಕ್ಕಿನ ಹೆಬ್ಬೆಟ್ಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ, ನಿದ್ದೆಗಣ್ಣಲ್ಲಿ ಏನೋ ಕಂಡಿರಬೇಕು ಎಂದು ನಗುತ್ತಿದ್ದವಳು ನಾನು. ನನ್ನ ಕೆಲಸವೇ ಅಳೆಯುವುದು. ಅಳತೆಗೆ ಸಿಗದ್ದನ್ನು ನಂಬಿ ಅಭ್ಯಾಸವಿಲ್ಲ. ಆದರೆ ಇದು ನಡೆದದ್ದು ಹಾಡುಹಗಲಲ್ಲಿ. ನಮ್ಮೂರು ಮಾಸ್ತಿಯಿಂದ ಬಂದು ಬಸ್ಸಿಳಿದು, ಟೀ ಕುಡಿದು, ಕನ್ನಡಕ ಒರೆಸಿಕೊಂಡು ಕೆಲಸಕ್ಕೆ ಕೂತ ಮೇಲೆ.

ಮಾಲೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ನನ್ನದು. ಆಗ ಕಾಲೇಜೊಂದರ ಸಂಶೋಧಕರು ಹೊಸ ಬಗೆಯ ಉಕ್ಕು ತಂದುಕೊಟ್ಟಿದ್ದರು. ಅದರಲ್ಲಿ ರಿಂಗುಗಳನ್ನು ಮಾಡಿ, ಕಾಯಿಸಿ, ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿಟ್ಟು, ಆಮೇಲೆ ಮೈಕ್ರಾನ್ ಲೆಕ್ಕದಲ್ಲಿ ಉಜ್ಜಿ ನುಣುಪು ಮಾಡಬೇಕು. ಹೀಗೆ ಮಾಡಿದರೆ ಎಷ್ಟು ವರ್ಷವಾದರೂ ಅಳತೆ ಕದಲದು ಎಂಬುದು ಅವರ ವಾದ. ಮುಗಿದ ರಿಂಗನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಕೆಲವರ ಕೈಬೆವರು ತಾಗಿದರೆ ಬೆಳಗಾಗುವಷ್ಟರಲ್ಲಿ ಅಲ್ಲಿ ತುಕ್ಕು ಏಳುತ್ತದೆ.

ಆ ದಿನ ಪರೀಕ್ಷೆಯ ಕೋಣೆಯ ಬೀಗ ತೆಗೆದು ರಿಂಗುಗಳ ಪೆಟ್ಟಿಗೆ ಬಿಚ್ಚಿದೆ. ಮೇಲಿನ ರಿಂಗಿನಲ್ಲಿ ಒಂದು ಹೆಬ್ಬೆಟ್ಟಿನ ಗುರುತು, ಕಂದು ತುಕ್ಕಿನಲ್ಲಿ ಅಚ್ಚೊತ್ತಿದ ಹಾಗೆ.

ಮ್ಯಾನೇಜರ್ ನೇರವಾಗಿ ಶಬಾನಾಳನ್ನು ಕರೆಸಿದರು. ಮುಳಬಾಗಿಲಿನ ಹುಡುಗಿ, ಇನ್ನೂ ಟ್ರೇನಿ. ಅವಳ ಕೆಲಸ ಕಾಯಂ ಆಗುವುದು ಆ ತಿಂಗಳೇ ತೀರ್ಮಾನವಾಗಬೇಕಿತ್ತು. ಹಿಂದಿನ ಸಂಜೆ ಎಣ್ಣೆ ಸವರಿ ಪ್ಯಾಕ್ ಮಾಡಿದವಳೂ ಅವಳೇ.

"ನಾನು ಗ್ಲೌಸ್ ತೆಗ್ದೇ ಇಲ್ಲ ಸರ್, ಅಲ್ಲಾ ಆಣೆ."

"ಹಂಗಾದ್ರೆ ದೆವ್ವ ಬಂದು ಒತ್ತಿ ಹೋಯ್ತೇನಮ್ಮಾ? ನಾಳೆಯಿಂದ ಬರೋದು ಬೇಡ."

ಅಷ್ಟರಲ್ಲಿ ನಾನು ರಿಂಗನ್ನು ಭೂತಗನ್ನಡಿಯ ಕೆಳಗೆ ಇಟ್ಟಿದ್ದೆ. ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಗಾಯದ ಗೆರೆ. ಅದರ ಎರಡೂ ಕಡೆಯ ರೇಖೆಗಳು ಒಂದಕ್ಕೊಂದು ಕೂಡಿರಲಿಲ್ಲ. ಆ ಗುರುತು ನನಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಉಜ್ಜುವ ಯಂತ್ರ ನಡೆಸುತ್ತಿದ್ದ ರಾಯಲ್ಪಾಡಿನ ನಾರಾಯಣಪ್ಪನವರದು. ಚಕ್ರಕ್ಕೆ ಸಿಕ್ಕಿ ಸೀಳಿದ ಬೆರಳು. ಆ ಗುರುತಿದ್ದ ಎಷ್ಟೋ ಭಾಗಗಳನ್ನು ವಾಪಸ್ಸು ಕಳಿಸಿ ಅವರನ್ನು ಬೈದಿದ್ದೆ. "ಏಂ ಚೇಸೇದಮ್ಮಾ, ಏನ್ ಮಾಡ್ಲಿ, ನನ್ ಕೈಗೆ ದೇವ್ರು ಉಪ್ಪು ಜಾಸ್ತಿ ಹಾಕ್ಬಿಟ್ಟವ್ನೆ" ಎಂದು ನಗುತ್ತಿದ್ದರು.

ಅವರು ತೀರಿಕೊಂಡು ವರ್ಷವಾಗಿತ್ತು. ಮಣ್ಣಿಗೆ ನಾನೂ ಹೋಗಿದ್ದೆ. ಆ ಹೊಸ ಉಕ್ಕು ನಮ್ಮಲ್ಲಿಗೆ ಬಂದದ್ದೇ ಈ ಗುರುತು ಕಂಡ ತಿಂಗಳು; ಅವರು ಅದನ್ನು ಮುಟ್ಟಿದ್ದೇ ಇಲ್ಲ.

ಇದನ್ನು ಮ್ಯಾನೇಜರಿಗೆ ಹೇಗೆ ಹೇಳಲಿ? ಸುಮ್ಮನಿದ್ದರೆ ಹುಡುಗಿಯ ಕೆಲಸ ಹೋಗುತ್ತದೆ. ಕೊನೆಗೆ, "ಸರ್, ಒಂದು ರಾತ್ರಿ ಟೈಮ್ ಕೊಡಿ. ಈ ರೂಮಿಗೆ ಬರೋರೆಲ್ಲರ ಹೆಬ್ಬೆಟ್ಟು ಅದೇ ಉಕ್ಕಿನ ಚೂರುಗಳ ಮೇಲೆ ಒತ್ತಿಸಿ ಇಡ್ತೀನಿ, ಬೆಳಿಗ್ಗೆ ಏಳೋ ತುಕ್ಕನ್ನ ಇದರ ಜೊತೆ ಹೋಲಿಸಿ ನೋಡೋಣ" ಎಂದೆ.

"ನಂದೂ ಒತ್ಲಾ?" ಎಂದರು ವ್ಯಂಗ್ಯವಾಗಿ.

"ಒತ್ತಿ ಸರ್."

ಒತ್ತಿದರು. ಅಂದು ನನಗೆ ನಿದ್ದೆ ಹತ್ತಲಿಲ್ಲ. ಯಾರದಾದರೂ ಹೊಂದಲಿ ಎಂದು ಬೇಡುತ್ತಿದ್ದೆ. ಶಬಾನಾಳದ್ದು ಹೊಂದದಿರಲಿ ಎಂದೂ.

ಬೆಳಿಗ್ಗೆ ಶಬಾನಾಳ ಚೂರಿನಲ್ಲೂ ತುಕ್ಕಿತ್ತು. ಅವಳ ಮುಖ ಬಿಳಿಚಿಕೊಂಡಿತು. ಮ್ಯಾನೇಜರ್ ತಾವೇ ಭೂತಗನ್ನಡಿಗೆ ಬಗ್ಗಿ ಎರಡನ್ನೂ ಬಹಳ ಹೊತ್ತು ನೋಡಿದರು. ಅವಳ ರೇಖೆಗಳು ಎಲ್ಲೂ ತುಂಡಾಗಿರಲಿಲ್ಲ. ಉಳಿದವರದ್ದೂ ಯಾವುದೂ ಹೊಂದಲಿಲ್ಲ.

"ಮತ್ತೆ ಇದು ಯಾರ್ದು?"

"ಗೊತ್ತಿಲ್ಲ ಸರ್."

ಅವರು ಒರೆಸಿಡಿ ಎಂದು ಹೊರಟುಹೋದರು. ಶಬಾನಾ ಉಳಿದಳು, ತಿಂಗಳ ಕೊನೆಗೆ ಕಾಯಂ ಆದಳು.

ಚೂರುಗಳನ್ನು ನೋಡಿದ ದಿನ ಸಂಜೆ ಬಸ್ ಸ್ಟಾಂಡಿನಲ್ಲಿ, "ಅಕ್ಕಾ, ನಿಮಗೆ ಗೊತ್ತು. ನಿಮ್ ಮುಖ ನೋಡ್ದೆ ನಾನು" ಎಂದಳು. ನಾರಾಯಣಪ್ಪನವರ ಬೆರಳಿನ ವಿಷಯ ಹೇಳಿದೆ. "ಯಾ ಅಲ್ಲಾ, ಸತ್ತ ಮೇಲಾದ್ರೂ ಗ್ಲೌಸ್ ಹಾಕ್ಕೋಬಾರ್ದಾ ಅವ್ರು?" ಎಂದಳು. ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ನನಗೆ ಇವತ್ತಿಗೂ ಇದು ಬಗೆಹರಿದಿಲ್ಲ. ಕಾಲೇಜಿನವರು ರಿಂಗಿಗೆ ಸುತ್ತಿದ ಕಾಗದದ ತೇವದಿಂದ ಆಗಿರಬಹುದು ಎಂದರು. ತುಕ್ಕಿಗೆ ಅದು ಸರಿ, ಗಾಯದ ಗೆರೆಗೆ? ಒಂದು ಮಾತ್ರ ನೆನಪಿದೆ. ಅಷ್ಟು ನಕ್ಕವರು, ಬಸ್ಸು ಬಂದು ಹತ್ತುವಾಗ, ಬಾಗಿಲ ಸ್ಟೀಲ್ ಕಂಬಿ ಹಿಡಿಯಲು ಇಬ್ಬರೂ ಹಿಂದುಮುಂದು ನೋಡಿದೆವು.