ಬಾವಿ ನೋಡುವ ಶಾಸ್ತ್ರ

ಹೆಂಡತಿಯನ್ನು ಬ್ಯಾಂಕಿನವರು ವಿಜಯವಾಡಕ್ಕೆ ವರ್ಗ ಮಾಡಿದಾಗ ನಾನು ಪತ್ರಿಕೆಯ ಡೆಸ್ಕಿನಿಂದ ನಿವೃತ್ತನಾಗಿ ಮೂರು ತಿಂಗಳಾಗಿತ್ತು. ಇಬ್ರಾಹಿಂಪಟ್ನಂ ಕಡೆಗೆ ಹೋಗುವ ರಸ್ತೆಯಲ್ಲಿ, ಒಂದು ಪೆಟ್ರೋಲ್ ಬಂಕಿನ ಹಿಂದಿನ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯೊಡತಿ ಇದ್ದರು. ಬಳ್ಳಾರಿಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು ನಲವತ್ತು ವರ್ಷ ಕಳೆದವರು. ಮಕ್ಕಳೊಡನೆ ತೆಲುಗು, ಕೋಪ ಬಂದಾಗ ಕನ್ನಡ. ಅಂಗಳದ ಬಾವಿಯ ಕಥೆಯನ್ನು ಅವರು ನನಗೆ ಹೇಳಿದ್ದು ಅಚ್ಚ ಕನ್ನಡದಲ್ಲಿ.

ಬಂಕಿನ ನೆಲದೊಳಗಿನ ಹಳೆಯ ಟ್ಯಾಂಕು ತೂತಾಗಿ, ಪೆಟ್ರೋಲು ಮಣ್ಣಿಗಿಳಿದು, ಅಲ್ಲಿಂದ ಅಂತರ್ಜಲ ಸೇರಿ ಈ ಬಾವಿಗೆ ಬಂದಿತ್ತು. ನಾವು ಹೋಗುವ ಹೊತ್ತಿಗೆ ಟ್ಯಾಂಕು ಬದಲಾಗಿತ್ತು, ಅದರ ಸುತ್ತಲಿನ ಮಣ್ಣನ್ನು ಅಗೆದು ಲಾರಿಗಳಲ್ಲಿ ಸಾಗಿಸಿಯಾಗಿತ್ತು. ಬಂಕಿನ ಮೂಲೆಯಲ್ಲಿ ಒಂದು ಮೋಟಾರು ನೆಲದೊಳಗಿನ ನೀರನ್ನು ಮೇಲೆತ್ತಿ, ಇದ್ದಿಲು ತುಂಬಿದ ಪೀಪಾಯಿಗಳ ಮೂಲಕ ಹಾಯಿಸುತ್ತಿತ್ತು. ಇನ್ನೊಂದು ಯಂತ್ರ ಕೊಳವೆಗಳಿಂದ ಮಣ್ಣಿನೊಳಕ್ಕೆ ಗಾಳಿ ಊದುತ್ತಿತ್ತು. ಹೀಗೆ ಎರಡು ಬೇಸಿಗೆ ಕಳೆದಿದ್ದವು. ಬಾವಿಯ ನೀರು ಸತತ ಮೂರು ಪರೀಕ್ಷೆಗಳಲ್ಲಿ ಪಾಸಾದರೆ ಬಾವಿ ಉಳಿಯುತ್ತದೆ, ಇಲ್ಲದಿದ್ದರೆ ಮಣ್ಣು ತುಂಬಿ ಮುಚ್ಚುವುದು ಎಂದು ಮೊದಲೇ ಮಾತಾಗಿತ್ತು. ಎರಡು ಪಾಸಾಗಿದ್ದವು.

ಮೂರನೆಯದಕ್ಕೆ ವಿಶಾಖಪಟ್ಟಣದಿಂದ ಎಂಜಿನಿಯರ್ ಬರುವ ದಿನ ಗೊತ್ತಾದ ಕೂಡಲೇ ಮನೆಯೊಡತಿ ಬಾವಿಕಟ್ಟೆಗೆ ಸುಣ್ಣ ಬಳಿಸಿದರು. ಆ ದಿನ ಬೆಳಿಗ್ಗೆ ನಾನು ಕೆಳಗಿಳಿದಾಗ ಕಟ್ಟೆಗೆ ಅರಿಸಿನ ಕುಂಕುಮ ಬಿದ್ದಿತ್ತು, ಅಂಗಳದ ತುಂಬ ರಂಗೋಲಿ.

"ಹೆಣ್ಣು ನೋಡೋಕೆ ಬಂದ ಹಾಗಾಯ್ತಲ್ಲಮ್ಮಾ" ಎಂದೆ.

"ಮತ್ತೆ? ಎರಡು ಸಲ ನೋಡಿ ಒಪ್ಪ್ಯಾರೆ. ಇವತ್ತು ತಾಂಬೂಲ ಬದಲಾಯಿಸೋದು. ಆ ರಾಟೆ ನೋಡು, ತಿರುಗಿಸಿದ್ರೆ ಕತ್ತೆ ಒದರಿದಂಗೆ ಒದರ್ತೈತೆ. ಬಂದೋರು ಏನಂದ್ಕಂತಾರೆ? ಒಂದೀಟು ಎಣ್ಣೆ ಬಿಡು ತಮ್ಮಾ."

ಸ್ಕೂಟರಿನ ಎಂಜಿನ್ ಆಯಿಲ್ ಡಬ್ಬಿಯಲ್ಲಿ ಸ್ವಲ್ಪ ಉಳಿದಿತ್ತು. ಧಾರಾಳವಾಗಿಯೇ ಬಿಟ್ಟೆ. ರಾಟೆ ಬಾಯಿ ಮುಚ್ಚಿತು.

ಎಂಜಿನಿಯರ್ ಇಪ್ಪತ್ತೈದು ದಾಟಿರದ ಯುವತಿ. ಹೊಸ ಕೈಗವಸು ಹಾಕಿಕೊಂಡು, ಹಗ್ಗಕ್ಕೆ ಕಟ್ಟಿದ ಪಾರದರ್ಶಕ ಕೊಳವೆಯನ್ನು ರಾಟೆಯ ಮೇಲಿಂದ ಇಳಿಬಿಟ್ಟಳು. ಮೇಲೆ ಬಂದ ನೀರನ್ನು ಪುಟ್ಟ ಬಾಟಲಿಗಳಿಗೆ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಅವಳ ಮುಂದೆ ಪೆಸರಟ್ಟು, ಅಂದರೆ ಹೆಸರುಕಾಳಿನ ದೋಸೆ, ಬಂತು.

"ನಾನು ತಿಂದದ್ದು ರಿಪೋರ್ಟಿಗೆ ಸೇರಲ್ಲ ಅಮ್ಮಗಾರು" ಎಂದಳು ತೆಲುಗಿನಲ್ಲಿ.

"ತಿನ್ನದಿದ್ದರೆ ಸೇರುತ್ತೆ" ಎಂದು ಮನೆಯೊಡತಿ ಎರಡನೆಯದನ್ನು ಹಾಕಿದರು.

ಹತ್ತು ದಿನದ ಮೇಲೆ ವಿಶಾಖಪಟ್ಟಣದಿಂದ ನನಗೆ ಫೋನು ಬಂತು.

"ಅಂಕುಲ್, ಪೆಟ್ರೋಲ್ ಒಂದು ಚೂರೂ ಇಲ್ಲ ಅಂಡಿ. ಆದ್ರೆ ಬೇರೇನೋ ದಪ್ಪ ಎಣ್ಣೆ ಕಾಣ್ತಿದೆ. ಕಾರಣ ಸಿಗದಿದ್ರೆ ಫೇಲ್ ಅಂತ ಬರೀಬೇಕಾಗುತ್ತೆ."

ಕೆಳಗೆ ಹೋಗಿ ಹೇಳಿದೆ. ಮನೆಯೊಡತಿ ಬಾವಿಕಟ್ಟೆಯ ಮೇಲೆ ಕುಳಿತರು. ಸುದ್ದಿ ತಿಳಿದು ಬಂಕಿನ ಮಾಲೀಕರು ಓಡಿ ಬಂದರು. ಹೊಸ ಟ್ಯಾಂಕಿನಿಂದ ಹನಿಯೂ ಸೋರಿಲ್ಲ ಎಂದು ಆಣೆ ಹಾಕತೊಡಗಿದರು. ಆಗ ಮನೆಯೊಡತಿಗೆ ಮಾತು ಬಂತು, ಬಳ್ಳಾರಿಯದು. ಮಾಲೀಕರಿಗೆ ಕನ್ನಡ ಬಾರದು.

"ಅಕ್ಕ ಏನಂತಿದ್ದಾರೆ ಸಾರ್?" ಎಂದು ನನ್ನನ್ನು ಕೇಳಿದರು.

"ಪೂರ್ತಿ ಅನುವಾದ ಮಾಡೋಕಾಗಲ್ಲ" ಎಂದೆ.

ಮೂವತ್ತು ವರ್ಷ ಡೆಸ್ಕಿನಲ್ಲಿ ಕೂತವನಿಗೆ ದಿನದ ಆಗುಹೋಗು ಬರೆದಿಡುವ ಚಾಳಿ ಬಿಡುವುದಿಲ್ಲ. ಮಹಡಿಗೆ ಹೋಗಿ ಡೈರಿಯಲ್ಲಿ ಎಂಜಿನಿಯರ್ ಬಂದ ದಿನದ ಪುಟ ತೆರೆದೆ. ಏಳು ಗಂಟೆ: ರಾಟೆಗೆ ಎಂಜಿನ್ ಆಯಿಲ್. ಒಂಬತ್ತು ಗಂಟೆ: ನೀರಿನ ಮಾದರಿ ಸಂಗ್ರಹ. ಎರಡು ಸಾಲುಗಳೂ ನನ್ನದೇ ಅಕ್ಷರ, ಒಂದರ ಕೆಳಗೊಂದು.

ತಪ್ಪು ಅಚ್ಚಾದರೆ ತಿದ್ದುಪಡಿ ಮರುದಿನವೇ ಬರಬೇಕೆಂಬುದು ನಮ್ಮಲ್ಲಿ ನಿಯಮ. ನಾನು ಅಷ್ಟೂ ಕಾಯಲಿಲ್ಲ. ಕೆಳಗೆ ಹೋಗಿ ಎರಡೂ ಭಾಷೆಗಳಲ್ಲಿ ಒಪ್ಪಿಕೊಂಡೆ. ಮಾಲೀಕರು ಮೇಲೆ ನೋಡಿ ಕೈಮುಗಿದರು. ಮನೆಯೊಡತಿ ನನ್ನನ್ನೇ ದಿಟ್ಟಿಸಿದರು, ಆಮೇಲೆ ರಾಟೆಯನ್ನು.

"ಮದುಮಗಳ ತಲೆಗೆ ಎಣ್ಣೆ ಹಚ್ಚು ಅಂದ್ರೆ ಕೊಪ್ಪರಿಗೆಗೇ ದಬ್ಬೀಯಲ್ಲೋ" ಎಂದವರು, ಸೆರಗು ಬಾಯಿಗಿಟ್ಟು ನಗಲು ಶುರು ಮಾಡಿ ಬಹಳ ಹೊತ್ತು ನಿಲ್ಲಿಸಲಿಲ್ಲ.

ಡೈರಿಯ ಪುಟದ ಫೋಟೋ ವಿಶಾಖಪಟ್ಟಣಕ್ಕೆ ಹೋಯಿತು. ಇನ್ನೊಮ್ಮೆ ಮಾದರಿ ತೆಗೆಯಲು ಅಲ್ಲಿನ ಮೇಲಿನವರು ಒಪ್ಪಿದರು. ಅಪರಾಧಿ ರಾಟೆ ಕೆಳಗಿಳಿಯಿತು. ಬಂಕಿನ ಆಳುಗಳು ಬಾವಿಯ ನೀರೆಲ್ಲ ಎತ್ತಿ ಪೀಪಾಯಿಗಳಿಗೆ ಹಾಯಿಸಿದರು, ಒರತೆ ತುಂಬಿದ ಮೇಲೆ ಮತ್ತೊಮ್ಮೆ ಎತ್ತಿದರು. ಒಳಗಿನ ಕಲ್ಲಿಗೆ ಸಿಡಿದ ಎಣ್ಣೆಯನ್ನು ಉಜ್ಜುವ ಕೆಲಸ ನ್ಯಾಯವಾಗಿ ನನ್ನ ಪಾಲಿಗೆ ಬಂತು. ಎಂಜಿನಿಯರ್ ಮತ್ತೆ ಬಂದಾಗ ಸುಣ್ಣವಿಲ್ಲ, ಕುಂಕುಮವಿಲ್ಲ. ಮನೆಯೊಡತಿ ಹೊಸ್ತಿಲಲ್ಲೇ ನಿಂತು, "ನಾನೇನೂ ಮುಟ್ಟಿಲ್ಲ ತಲ್ಲೀ" ಎಂದು ಎರಡೂ ಕೈ ಎತ್ತಿ ತೋರಿಸಿದರು.

ಫಲಿತಾಂಶದ ಕಾಗದವನ್ನು ಅಂಗಳದಲ್ಲಿ ನಾನೇ ಓದಿದೆ. ಪೆಟ್ರೋಲು ಇಲ್ಲ, ಎಣ್ಣೆ ಇಲ್ಲ, ನೀರು ಕುಡಿಯಬಹುದು. ಬಂಕಿನಿಂದ ಯಾರೋ ಸಿಳ್ಳೆ ಹಾಕಿದರು.

ಮನೆಯೊಡತಿ ತೊಳೆದಿಟ್ಟ ಬಿಂದಿಗೆಗೆ ಹೊಸ ಹಗ್ಗ ಕಟ್ಟಿ, ಕೈಯಿಂದಲೇ ಸೇದಿದರು. ಮೊದಲ ಲೋಟ ಬಂಕಿನ ಮಾಲೀಕರಿಗೆ ಹೋಯಿತು.

"ಮೊದಲು ನೀನು ಕುಡಿ" ಎಂದರು ಮನೆಯೊಡತಿ, ತೆಲುಗಿನಲ್ಲಿ.

ಮಾಲೀಕರು ಎಲ್ಲರ ಮುಖ ನೋಡಿದರು. ಒಂದೇ ಉಸಿರಿಗೆ ಕುಡಿದು, ಮೀಸೆ ಒರೆಸಿಕೊಂಡು, "ಇನ್ನೊಂದು ಲೋಟ ಅಕ್ಕಾ" ಎಂದು ಕೈಚಾಚಿದರು. ಆಮೇಲೆ ಮನೆಯೊಡತಿ ತಲೆಯೆತ್ತಿ, ಲೋಟ ತುಟಿಗೆ ತಾಕದಂತೆ ನಿಧಾನವಾಗಿ ಕುಡಿದರು. ನಾವು ಕಾದೆವು.

"ಅದೇ ನೀರು" ಎಂದರು.

ಅಷ್ಟರಲ್ಲಿ ಬಂಕಿನ ಆಳುಗಳು ಖಾಲಿ ಬಾಟಲಿ ಹಿಡಿದು ಸಾಲು ನಿಂತಿದ್ದರು. ಸಹಾಯಕ್ಕೆ ನಾನು ಮುಂದೆ ಹೋದೆ. ಮನೆಯೊಡತಿ ನನಗೆ ಹಗ್ಗ ಮುಟ್ಟಲು ಬಿಡದೆ, ಒಬ್ಬೊಬ್ಬರಿಗೂ ತಾವೇ ಸೇದಿ ಹಾಕಿದರು.